ಡಿಎಪಿ ಚೀಲದ ಹಿಂದಿನ ಮರಳುಗಾಡು

ಮುಂಗಾರು ಶುರುವಾದರೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ರಾಮನಾಥಪುರದ ಸುತ್ತಲಿನ ಹೊಗೆಸೊಪ್ಪು, ಆಲೂಗಡ್ಡೆ ಬೆಳೆಗಾರರದು ಒಂದೇ ಮಾತು: ಸೊಸೈಟಿಗೆ ಡಿಎಪಿ ಬಂತೇ? ಆ ಗೊಬ್ಬರದ ರಂಜಕಕ್ಕೆ ಭಾರತ ಬಹುಪಾಲು ಹೊರದೇಶಗಳನ್ನೇ ನೆಚ್ಚಿದೆ. ಮಾರುವವರಲ್ಲಿ ಮೊರಾಕ್ಕೊ ಪ್ರಮುಖ. ಅದರ ಹಿಡಿತದಲ್ಲಿರುವ ಪಶ್ಚಿಮ ಸಹಾರಾದ ಬೂ ಕ್ರಾದಲ್ಲೂ ರಂಜಕದ ಗಣಿಯಿದೆ. ಸುಮಾರು 100 ಕಿ.ಮೀ. ಉದ್ದದ ಕನ್ವೇಯರ್ ಬೆಲ್ಟ್ ಅಲ್ಲಿನ ಶಿಲೆಯನ್ನು ಅಟ್ಲಾಂಟಿಕ್ ದಡಕ್ಕೆ ಸಾಗಿಸುತ್ತದೆ.

ನೆಲ ಯಾರದು? 1975ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಕೆಲವು ಬುಡಕಟ್ಟುಗಳಿಗೆ ಮೊರಾಕ್ಕೊ ಸುಲ್ತಾನನೊಡನೆ ಇದ್ದ ನಿಷ್ಠೆಯ ನಂಟನ್ನು ಒಪ್ಪಿತು, ಒಡೆತನವನ್ನಲ್ಲ. ಮರುವರ್ಷವೇ ಅಲ್ಲಿನ ಸಹ್ರಾವಿ ಜನರ ವಿಮೋಚನಾ ಸಂಘಟನೆಯಾದ ಪೊಲಿಸಾರಿಯೊ ಸಹ್ರಾವಿ ಗಣರಾಜ್ಯವನ್ನು ಘೋಷಿಸಿತು. ಆ ನೆಲದ ಭವಿಷ್ಯ ತೀರ್ಮಾನಿಸುವ ಜನಮತಗಣನೆಗೆಂದೇ ವಿಶ್ವಸಂಸ್ಥೆ 1991ರಲ್ಲಿ ತನ್ನ ನಿಯೋಗವನ್ನು ಕಳಿಸಿತು. ಮತದಾನ ಮಾತ್ರ ನಡೆಯಲೇ ಇಲ್ಲ. ಅಲ್ಜೀರಿಯಾದ ತಿಂದೂಫ್‌ನ ಸಹ್ರಾವಿ ನಿರಾಶ್ರಿತರ ಶಿಬಿರಗಳಲ್ಲಿ ಹುಟ್ಟಿದವರಿಗೆ ಈಗ ಮಕ್ಕಳು, ಮೊಮ್ಮಕ್ಕಳು.

ರಾಜೀವ್ ಗಾಂಧಿ ಸರ್ಕಾರ 1985ರಲ್ಲಿ ಈ ಗಣರಾಜ್ಯಕ್ಕೆ ಮಾನ್ಯತೆ ಕೊಟ್ಟಿತು. ವಾಜಪೇಯಿ ಸರ್ಕಾರ 2000ದಲ್ಲಿ ಹಿಂಪಡೆಯಿತು. ಅದರಲ್ಲಿ ಗೊಬ್ಬರದ ಲೆಕ್ಕ ಎಷ್ಟಿತ್ತೋ, ಅಂಥದ್ದನ್ನು ಯಾವ ಸರ್ಕಾರವೂ ಬಾಯಿಬಿಟ್ಟು ಹೇಳುವುದಿಲ್ಲ. ಐರೋಪ್ಯ ಒಕ್ಕೂಟದ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ, ಸಹ್ರಾವಿ ಜನರ ಸಮ್ಮತಿಯಿಲ್ಲದೆ ಮೊರಾಕ್ಕೊ ಜತೆಗಿನ ವ್ಯಾಪಾರ ಒಪ್ಪಂದವನ್ನು ಆ ನೆಲಕ್ಕೆ ಅನ್ವಯಿಸುವಂತಿಲ್ಲ ಎಂದಿತು. ನಮ್ಮಲ್ಲಿ ಈ ಚರ್ಚೆಯೇ ಇಲ್ಲ.

ಈ ಮೌನದ ಹೊಣೆಯನ್ನು ಸಾಲದಲ್ಲಿ ಬಿತ್ತುವ ಅರಕಲಗೂಡಿನ ರೈತನ ತಲೆಗೆ ಕಟ್ಟುವುದು ಅನ್ಯಾಯ. ಚೀಲಕ್ಕೆ ಸಬ್ಸಿಡಿ ಕೊಡುವುದು ಕೇಂದ್ರ. ಕಚ್ಚಾ ಶಿಲೆ ಯಾವ ಗಣಿಯದು ಎಂಬುದನ್ನು ಆಮದುದಾರರಿಂದ ಬರೆಸಿಕೊಂಡು ಕೇಂದ್ರವೇ ಪ್ರತಿವರ್ಷ ಸಂಸತ್ತಿನ ಮುಂದಿಡಲಿ.