ಹೆರಿಗೆಯ ಖರ್ಚು ಯಾರ ಲೆಕ್ಕಕ್ಕೆ?

ಒಂದು ಮೂಟೆ ಅಕ್ಕಿ ಕೊಳ್ಳುವಾಗ ನಾಲ್ಕು ಅಂಗಡಿಗಳಲ್ಲಿ ದರ ವಿಚಾರಿಸುವ ನಮ್ಮವರು, ಮನೆಮಗಳ ಹೆರಿಗೆಯ ವಿಷಯದಲ್ಲಿ ಮಾತ್ರ ಬಾಯಿಬಿಟ್ಟು ಕೇಳುವುದಿಲ್ಲ. ಶುಭ ಸಮಯದಲ್ಲಿ ದುಡ್ಡಿನ ಮಾತೇಕೆ ಎಂಬ ಸಂಕೋಚ. ಆ ಸಂಕೋಚದ ಬೆಲೆಯನ್ನು ಆಸ್ಪತ್ರೆಯಿಂದ ಹೊರಡುವ ದಿನ ಬಿಲ್ಲಿನ ಕೌಂಟರಿನೆದುರು ತೆರಬೇಕಾಗುತ್ತದೆ.

ಕೇರಳದಲ್ಲಿ ಈಗ ಮನೆಯಲ್ಲಿ ಹೆರಿಗೆ ಇಲ್ಲವೆಂದೇ ಹೇಳಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಇಲ್ಲಿ ನೂರಕ್ಕೆ 99ಕ್ಕೂ ಮೀರಿ ಹೆರಿಗೆಗಳು ಆಸ್ಪತ್ರೆಗಳಲ್ಲಿ ಆದವು. ಸುಮಾರು 39 ಸಿಸೇರಿಯನ್. ದೇಶದ ಸರಾಸರಿ 21.5. ಆದುದರಿಂದ ಸಹಜ ಹೆರಿಗೆಯ ಖರ್ಚನ್ನಷ್ಟೇ ಎಣಿಸಿ ಹೊರಡುವ ಐದು ಕುಟುಂಬಗಳಲ್ಲಿ ಎರಡರ ಲೆಕ್ಕ ತಪ್ಪುತ್ತದೆ.

ಸರಕಾರಿ ಆಸ್ಪತ್ರೆಯಲ್ಲಿ ಏನೇನು ಉಚಿತವೆಂಬುದು ಅನೇಕರಿಗೆ ತಿಳಿದಿಲ್ಲ. 2011ರ ಜೂನ್‌ನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಹೆರಿಗೆ, ಸಿಸೇರಿಯನ್, ಔಷಧ, ತಪಾಸಣೆ, ರಕ್ತ, ಮನೆಗೆ ಹಿಂದಿರುಗುವ ವಾಹನ, ಎಲ್ಲವೂ ಉಚಿತ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ ಊಟವೂ ಉಂಟು. ಇದಕ್ಕೆ ಬಡವ, ಬಲ್ಲಿದ ಎಂಬ ಭೇದವಿಲ್ಲ. ಹಾಗಿದ್ದರೂ ಅದೇ ಸಮೀಕ್ಷೆಯಲ್ಲಿ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಒಂದು ಹೆರಿಗೆಗೆ ಕುಟುಂಬ ಕೈಯಿಂದ ತೆತ್ತದ್ದು ಸರಾಸರಿ 2,916 ರೂಪಾಯಿ. ಕೇರಳದಲ್ಲಿ ಅದಕ್ಕಿಂತಲೂ ಹೆಚ್ಚು. ಉಚಿತವೆಂದರೂ ಕೈ ಬರಿದಾಗಿ ಹೋಗುವಂತಿಲ್ಲ ಎಂದಾಯಿತು.

ಖಾಸಗಿ ಆಸ್ಪತ್ರೆಯ ಬಿಲ್ಲಿನಲ್ಲಿ ಡಾಕ್ಟರರ ಫೀಸು ಒಂದು ಸಾಲು ಮಾತ್ರ. ಅರಿವಳಿಕೆ ತಜ್ಞರು, ಮಕ್ಕಳ ಡಾಕ್ಟರರು, ಥಿಯೇಟರು, ಲ್ಯಾಬು, ಔಷಧ ಪ್ರತ್ಯೇಕ. ಕೆಲವೆಡೆ ಕೋಣೆ ದೊಡ್ಡದಾದಂತೆ ಇತರ ದರಗಳೂ ಏರುತ್ತವೆ. ಮಗುವನ್ನು ಐ.ಸಿ.ಯು.ನಲ್ಲಿ ಇಡಬೇಕಾಗಿ ಬಂದರೆ ದಿನದ ಲೆಕ್ಕ ಬೇರೆಯೇ. ಇನ್ನು ಬಿಲ್ಲಿನಲ್ಲಿ ಬಾರದ ಕಾರಿನ ಬಾಡಿಗೆ, ಜೊತೆಗಿರುವವರ ಊಟ, ಆಮೇಲಿನ ಬಾಣಂತನ.

ಕಾಸರಗೋಡಿನ ನಮಗೆ ಮತ್ತೊಂದು ಖರ್ಚು ಮಂಗಳೂರಿನ ದಾರಿ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಗಡಿಯಿಂದ ಹಿಂದೆ ಕಳುಹಿಸಲ್ಪಟ್ಟ ಬಿಹಾರದ ಹೆಣ್ಣುಮಗಳೊಬ್ಬಳು ಆಂಬ್ಯುಲೆನ್ಸಿನಲ್ಲೇ ಹೆತ್ತಳು. ಮಂಗಳೂರಿನ ಡಾಕ್ಟರರನ್ನೇ ನಂಬಿದವರೂ ತುರ್ತಿಗೆಂದು ಕಾಸರಗೋಡಿನ ಜನರಲ್ ಆಸ್ಪತ್ರೆಯಂತಹ ಹತ್ತಿರದ ಒಂದು ಕಡೆ ತೋರಿಸಿ ಚೀಟಿ ಮಾಡಿಸಿಡುವುದು ಲೇಸು.

ಇನ್ನು ಮುಖ್ಯ ಮಾತು. ಚೊಚ್ಚಲ ಹೆರಿಗೆ ತವರಿನದು ಎಂಬುದು ನಮ್ಮ ರೂಢಿ. ತುಳುನಾಡಿನ ಜೈನರಲ್ಲಿ ಅಳಿಯಸಂತಾನ ನಡೆಯುತ್ತಿದ್ದಾಗ ಮಗು ತಾಯಿಯ ಕುಟುಂಬಕ್ಕೇ ಸೇರುತ್ತಿತ್ತು. ಖರ್ಚೂ ಆ ಕುಟುಂಬದ್ದೆಂಬುದು ನ್ಯಾಯವಾಗಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಕೇರಳದಲ್ಲಿ 1976ರ ಡಿಸೆಂಬರ್ 1ರಿಂದ ಅವಿಭಕ್ತ ಕುಟುಂಬ ಪದ್ಧತಿಯೇ ಕಾನೂನಿನಲ್ಲಿ ರದ್ದಾಯಿತು. ಇಂದು ಮಗು ತಂದೆಗೂ ವಾರಸುದಾರ. ಆಸ್ತಿಯ ಲೆಕ್ಕ ಬದಲಾಯಿತು, ಹೆರಿಗೆಯ ಲೆಕ್ಕ ಮಾತ್ರ ಹಳೆಯ ಪುಟದಲ್ಲೇ ಉಳಿಯಿತು. ಆಸ್ಪತ್ರೆಯನ್ನು ಗಂಡನ ಮನೆಯವರು ಆರಿಸುವುದು, ಹಣವನ್ನು ಹೆಣ್ಣಿನ ತಂದೆ ಕಟ್ಟುವುದು, ಇದು ಯಾವ ವ್ಯಾಪಾರದ ನ್ಯಾಯವೂ ಅಲ್ಲ. ಮದುವೆಯ ಸಾಲ ತೀರದ ತಂದೆ ಬಳೆ ಅಡವಿಟ್ಟು ಬಿಲ್ಲು ತೆತ್ತರೆ ಮಗಳಿಗೆ ಹಾಸಿಗೆಯಲ್ಲೂ ನೆಮ್ಮದಿ ಇರದು.

ಆದುದರಿಂದ ಓದುಗ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟು. ಏಳನೆಯ ತಿಂಗಳಿಗೆ ಮೊದಲೇ ಎರಡೂ ಮನೆಯವರು ಕುಳಿತು ಮಾತಾಡಲಿ. ಸಹಜ ಹೆರಿಗೆಗೆಷ್ಟು, ಸಿಸೇರಿಯನ್‌ಗೆಷ್ಟು, ಮಗುವಿನ ಐ.ಸಿ.ಯು.ಗೆ ದಿನಕ್ಕೆಷ್ಟು ಎಂದು ಆಸ್ಪತ್ರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಲಿ. ಆರೋಗ್ಯ ವಿಮೆ ಇದ್ದವರು ಹೆರಿಗೆಯೂ ಅದರಲ್ಲಿ ಸೇರಿದೆಯೇ ಎಂದು ನೋಡಲಿ. ಅನೇಕ ಪಾಲಿಸಿಗಳಲ್ಲಿ ಅದು ಇಲ್ಲ; ಇದ್ದರೂ ಇಷ್ಟು ಸಮಯ ಕಾಯಬೇಕೆಂಬ ಷರತ್ತು ಇರುತ್ತದೆ. ಆಸ್ಪತ್ರೆ ಎಲ್ಲೇ ಇರಲಿ, ಬಿಲ್ಲನ್ನು ಅರ್ಧರ್ಧ ಹಂಚಿಕೊಳ್ಳಲಿ.

ಸೀಮಂತದ ಊಟಕ್ಕೆ ಎಷ್ಟು ಎಲೆ ಎಂದು ಎರಡು ಮನೆಯವರೂ ಸೇರಿ ಲೆಕ್ಕ ಹಾಕುತ್ತಾರೆ. ಅದೇ ಚೀಟಿಯ ಹಿಂಬದಿಯಲ್ಲಿ ಈ ಲೆಕ್ಕವನ್ನೂ ಬರೆದರೆ ಸಾಕು.