ರಿಪೇರಿ ಆದ ಕಾರು, ಇಂಗಿನ ವಾಸನಿ

ಹೋದ ತಿಂಗಳ ನಮ್ಮ ಕಾರಿನ ಕ್ಲಚ್ ಪ್ಲೇಟ್ ಬದಲಿ ಮಾಡಿಸಿದ್ವಿ. ಧಾರವಾಡ-ಹುಬ್ಬಳ್ಳಿ ದಿನಾ ಓಡಾಡೋ ಗಾಡಿ, ಎಂಟು ವರ್ಷದ್ದು. ಗ್ಯಾರೇಜಿನಿಂದ ತಂದ ಮರುದಿನಾನ ಒಳಗ ಒಂದು ವಾಸನಿ ಶುರುವಾತು. ಹೆಂಗ ಹೇಳ್ಲಿ, ಸುಟ್ಟ ಎಣ್ಣಿ ಬಾಣಲಿ ಪಕ್ಕ ಇಂಗಿನ ಡಬ್ಬಿ ತಗದಿಟ್ಟಂಗ. ನಮ್ಮ ಮನಿಯವರು "ಹೊಸಾ ಪಾರ್ಟ್ ಹಾಕ್ಯಾರ, ನಾಕು ದಿನ ಇರ್ತದ" ಅಂದ್ರು. ಮಗಾ "ಅವ್ವಾ, ನಿನಗ ಎಲ್ಲಾದ್ರಾಗೂ ವಾಸನಿ ಬರ್ತದ" ಅಂತ ನಕ್ಕಾ. ನಾನೂ ಸುಮ್ಮಾದೆ. ಮಲ್ಲಿಗಿ ಸೆಂಟಿನ ಡಬ್ಬಿ ಒಂದು ತಂದು ಮುಂದ ಅಂಟಿಸಿಬಿಟ್ಟೆ. ಅದ ನಾ ಮಾಡಿದ ತಪ್ಪು.

ವೈನಿಯರ, ನಾ ಹೇಳೋದು ಇಷ್ಟ: ರಿಪೇರಿ ಆದಮ್ಯಾಲ ಬಂದ ಹೊಸಾ ವಾಸನಿನ್ನ ಮುಚ್ಚಬ್ಯಾಡ್ರಿ, ಗುರುತು ಹಿಡೀರಿ. ಅದು ನಮ್ಮ ಕೈಲೇ ಆಗೋ ಕೆಲಸ. ಒಗ್ಗರಣಿ ಸೀಯೋಕಿಂತ ಮೊದಲ ಹಿತ್ತಲದಾಗ ನಿಂತು ತಿಳಕೊಳ್ಳೋ ಮೂಗು ನಮ್ಮದು. ಆ ಮೂಗು ಕಾರಿನಾಗ ಕೂತಕೂಡ್ಲೆ ಹುಚ್ಚ ಆಗೂದಿಲ್ಲ.

ಮೊದಲ ಲೆಕ್ಕ ದಿನದ್ದು. ಕ್ಲಚ್ ಬದಲಿ ಮಾಡಬೇಕಂದ್ರ ಗೇರ್‌ಬಾಕ್ಸ್ ಕೆಳಗ ಇಳಸಬೇಕು. ಆಗ ಚೆಲ್ಲಿದ ಎಣ್ಣಿ ಬಿಸಿ ಪೈಪಿನ ಮ್ಯಾಲ ಸುಡ್ತದ, ದಿನದಿಂದ ದಿನಕ್ಕ ಕಡಿಮಿ ಆಗಿ ಹೋಗ್ತದ. ಅದು ಚಿಂತಿ ಅಲ್ಲ. ಹಂಗ ಉಳದ್ರ, ಇಲ್ಲಾ ಹೆಚ್ಚಾದ್ರ, ಎಲ್ಲೋ ಸೋರಲಿಕತ್ತದ ಅಂತ ತಿಳೀರಿ.

ಎರಡನೇದು ವಾಸನಿ ಎಂಥಾದ್ದು ಅನ್ನೋದು. ಬೆಲ್ಲದ ಪಾಕದಂಗ ಸೀಯಗ ಇದ್ರ ಕೂಲಂಟ್. ಅದು ವಿಷ, ಕೂಸು ನಾಯಿ ಮುಟ್ಟದಂಗ ತೊಳೀರಿ. ಎಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳಾ ತಗೀಬ್ಯಾಡ್ರಿ. ಸುಟ್ಟ ಕಾಗದದಂಗ ಬಂದ್ರ ಕ್ಲಚ್ ತಿಕ್ಕಲಿಕತ್ತದ. ಪೆಟ್ರೋಲ್ ವಾಸನಿ ಬಂದ್ರ ಚಾವಿನ ತಿರುವಬ್ಯಾಡ್ರಿ. ಇಂಗು-ಬೆಳ್ಳುಳ್ಳಿ ವಾಸನಿ ಬಂದ್ರ ಬಹಳ ಮಾಡಿ ಗೇರ್ ಆಯಿಲ್. ಗೇರಿನ ಹಲ್ಲು ಒಂದಕ್ಕೊಂದು ಒತ್ತಿ ತಿಕ್ಕೋವಾಗ ಸವೀಬಾರದು ಅಂತ ಆ ಎಣ್ಣಿಗೆ ಗಂಧಕದ ಅಂಶ ಕೂಡಿಸಿರ್ತಾರ. ಇಂಗಿನ ವಾಸನಿಗೂ ಗಂಧಕನ ಕಾರಣ. ಹಂಗಾಗಿ ನನ್ನ ಮೂಗು ತಪ್ಪಿದ್ದಿಲ್ಲ.

ಆದ್ರ ಬರೇ ಮೂಗಿನ ಮ್ಯಾಲ ತೀರ್ಪು ಕೊಡೋದೂ ತಪ್ಪು. ಬ್ಯಾಟರಿ ಅತಿ ಚಾರ್ಜ್ ಆದ್ರೂ, ಸೈಲೆನ್ಸರ್ ಕಡೆ ಇರೋ ಕ್ಯಾಟಲಿಟಿಕ್ ಕನ್ವರ್ಟರ್ ಕೆಟ್ರೂ ಕೊಳತ ತತ್ತಿಯಂಥಾ ಗಂಧಕದ ವಾಸನೀನ ಬರ್ತದ. ಅದಕ್ಕ ಸಾಕ್ಷಿ ಬೇಕು. ಸಾಕ್ಷಿ ಅಂದ್ರ ರದ್ದಿ ಪೇಪರು.

ಎಂಟನೇ ದಿನ ರಾತ್ರಿ ನಾ ಕಾರಿನ ಕೆಳಗ ಹಳೇ ರಟ್ಟು, ಪೇಪರು ಹಾಸಿದೆ. ನಾಕೂ ಗಾಲಿ ಎಲ್ಲಿ ಬರ್ತಾವ ಅಂತ ಪೆನ್ನಿನಿಂದ ಗುರುತು ಹಾಕಿದೆ. ಮುಂಜಾನೆ ನೋಡಿದ್ರ ಎಡಗಡೆ ಮುಂದಿನ ಗಾಲಿ ಒಳಬಾಜೂಕ ರೂಪಾಯಿ ನಾಣ್ಯದಷ್ಟು ಎರಡು ಕಲೆ. ಜೇನಿನ ಬಣ್ಣ, ಮಂದ, ಮೂಸಿದ್ರ ಅದ ಇಂಗು. ಕರ್ರಗ ಇದ್ರ ಎಂಜಿನ್ ಆಯಿಲ್ ಅಂತಿದ್ದೆ. ಬಣ್ಣ ವಾಸನಿ ಎರಡೂ ಇಲ್ಲದ ನೀರಾಗಿದ್ರ ಏಸಿ ನೀರು, ಬಿಟ್ಟುಬಿಡ್ರಿ. ನುಣ್ಣಗ ಜಾರೋ ತೆಳ್ಳನ ಎಣ್ಣಿ ಗಾಲಿ ಹತ್ರ ಇಲ್ಲಾ ಪೆಡಲ್ ಹತ್ರ ಕಂಡ್ರ ಬ್ರೇಕ್ ಆಯಿಲ್ ಇರಬಹುದು, ಗಾಡಿ ಹೊರಗ ತಗೀಬ್ಯಾಡ್ರಿ, ಮೆಕ್ಯಾನಿಕ್‌ನ್ನ ಮನಿಗೇ ಕರೀರಿ.

ಆ ರಟ್ಟು ತಗೊಂಡ ಗ್ಯಾರೇಜಿಗೆ ಹೋದೆ. ಮೊದಲ ದಿನ ಫೋನಿನಾಗ "ಏನಾಗೂದಿಲ್ಲ ಮೇಡಂ" ಅಂದಿದ್ದ ಹುಡುಗ ರಟ್ಟು ನೋಡಿ ಸುಮ್ಮ ಗಾಡಿ ಎತ್ತಿದ. ಗಾಲಿಗೆ ಹೋಗೋ ಶಾಫ್ಟ್ ಗೇರ್‌ಬಾಕ್ಸಿನಾಗ ಸೇರೋ ಕಡೆ ಒಂದು ರಬ್ಬರ್ ಸೀಲ್ ಇರ್ತದ. ಶಾಫ್ಟ್ ತಗದು ಹಾಕೋವಾಗ ಅದರ ಅಂಚು ಹರದಿತ್ತು. ಅಲ್ಲಿಂದ ಎಣ್ಣಿ ಸಿಡದು ಬಿಸಿ ಪೈಪಿಗೆ ಬಡದು ಸುಡತಿತ್ತು. ಹೊಸಾ ಸೀಲ್ ಹಾಕಿ, ಕಡಿಮಿ ಬಿದ್ದ ಎಣ್ಣಿ ತುಂಬಿದ. ಆ ಸೀಲಿನ ಬೆಲಿ ಕ್ಲಚ್ಚಿನ ಬಿಲ್ಲಿನ ಮುಂದ ಲೆಕ್ಕಕ್ಕಿಲ್ಲ.

ಇಷ್ಟಕ್ಕ ಯಾಕ ಇಷ್ಟು ಗದ್ದಲ ಅಂತೀರೇನು? ಎಂಜಿನ್ ಆಯಿಲ್ ಖಾಲಿ ಆದ್ರ ಕೆಂಪು ದೀಪ ಹತ್ತದ. ನಮ್ಮಂಥಾ ಕೈಲೇ ಗೇರ್ ಹಾಕೋ ಗಾಡಿಗೆ ಗೇರ್ ಆಯಿಲ್ ಖಾಲಿ ಆದ್ರ ಯಾವ ದೀಪನೂ ಹತ್ತೂದಿಲ್ಲ. ಗರ್ ಅಂತ ಸಪ್ಪಳ ಬರೋದ್ರಾಗ ಒಳಗ ಬೇರಿಂಗು, ಹಲ್ಲು ಸವದಿರ್ತಾವ. ಮುಂದಿನ ವಾರ ಅತ್ತಿಯವ್ರನ್ನ ಕರಕೊಂಡು ಅರಬೈಲ್ ಘಟ್ಟ ಇಳದು ಅಂಕೋಲಾಕ್ಕ ಮದವಿಗೆ ಹೋಗೋದಿತ್ತು. ಆ ತಿರುವಿನಾಗ ಗೇರ್ ಸಿಕ್ಕಿಬಿದ್ದಿದ್ರ ಅಂತ ನೆನಸಿದ್ರ ಈಗೂ ಎದಿ ಝಲ್ ಅಂತದ.

ಗ್ಯಾರೇಜಿನವ್ರ ಮುಂದ "ಸೀಲ್ ಹೋಗ್ಯದ" ಅಂತ ನಾವ ಹೇಳೋದು ಬ್ಯಾಡ. ಯಾವ ದಿನದಿಂದ, ಗಾಡಿ ಎಷ್ಟು ಬಿಸಿ ಆದಮ್ಯಾಲ, ಎಂಥಾ ವಾಸನಿ, ಯಾವ ಗಾಲಿ ಕಡೆ ಕಲೆ, ಇಷ್ಟು ಹೇಳಿದ್ರ ಸಾಕು. ಮತ್ತ ಮುಂದ ಕ್ಲಚ್ ಮಾಡಿಸೋರು "ಶಾಫ್ಟಿನ ಸೀಲೂ ಬದಲಿ ಮಾಡ್ರಿ" ಅಂತ ಮೊದಲ ಹೇಳಿಬಿಡ್ರಿ.

ಮಲ್ಲಿಗಿ ಡಬ್ಬಿ ಕಿತ್ತು ಒಗದೀನಿ. ಮಗಾ ಮೊನ್ನೆ ಕಾರು ಹತ್ತಿದಾವ "ಅವ್ವಾ, ಒಂದಿಷ್ಟು ಮೂಸಿ ನೋಡು" ಅಂದ.