ನೋಟರ್ ಡೇಮ್ ತಂಡದ ಎರಡು ‘ಒಲ್ಲೆ’ಗಳು

ಒಂದು ವಿದ್ಯಾಸಂಸ್ಥೆಯ ಗುಣವನ್ನು ಅದು ಪಡೆದ ಬಹುಮಾನಗಳಿಂದ ಅಳೆಯುವುದು ಲೋಕರೂಢಿ. ಅದು ಯಾವುದನ್ನು ಬೇಡವೆಂದಿತು, ಯಾವ ಕಾರಣಕ್ಕೆ ಬೇಡವೆಂದಿತು ಎಂಬುದನ್ನೂ ನೋಡಬೇಕೆಂಬುದು ನನ್ನ ಬಹುದಿನದ ಅಭಿಪ್ರಾಯ. ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನ ಬಳಿ, 1842ರಲ್ಲಿ ಪಾದ್ರಿಗಳು ಸ್ಥಾಪಿಸಿದ ನೋಟರ್ ಡೇಮ್ ವಿಶ್ವವಿದ್ಯಾಲಯವಿದೆ. ಅದರ ಫುಟ್‌ಬಾಲ್ ತಂಡ ದೇಶಕ್ಕೆ ದೇಶವೇ ಬಲ್ಲ ತಂಡ. ಋತು ಮುಗಿದ ನಂತರ ಆಡುವ ‘ಬೌಲ್’ ಪಂದ್ಯಗಳನ್ನು ಈ ತಂಡವು ತನ್ನ ಚರಿತ್ರೆಯಲ್ಲಿ ಹಲವು ಸಲ ಒಲ್ಲೆನೆಂದಿದೆ. ಅವುಗಳಲ್ಲಿ ಎರಡು ನಿರಾಕರಣೆಗಳು ನನ್ನನ್ನು ಯೋಚನೆಗೆ ಹಚ್ಚಿವೆ. ಒಂದು 1925ರದು, ಇನ್ನೊಂದು 2025ರದು. ನಡುವೆ ಸರಿಯಾಗಿ ನೂರು ವರ್ಷ.

ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡಹುವ ಒರಟು ಆಟವನ್ನು. ಕಾಲೇಜು ತಂಡಗಳು ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಸುಮಾರು ವಾರಕ್ಕೊಂದರಂತೆ ಪಂದ್ಯಗಳನ್ನಾಡುತ್ತವೆ. ಅನಂತರ, ಚೆನ್ನಾಗಿ ಆಡಿದ ತಂಡಗಳಿಗೆ ಬಹುಮಟ್ಟಿಗೆ ಬೆಚ್ಚನೆಯ ಸೀಮೆಯ ಊರುಗಳಿಂದ ಇನ್ನೊಂದು ಪಂದ್ಯಕ್ಕೆ ಆಹ್ವಾನ ಬರುತ್ತದೆ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ 1922ರಲ್ಲಿ ತೆರೆದ ಬೋಗುಣಿಯಾಕಾರದ ಕ್ರೀಡಾಂಗಣಕ್ಕೆ ರೋಸ್ ಬೌಲ್ ಎಂದು ಹೆಸರಾಯಿತು. ಅಲ್ಲಿನ ಹೊಸವರ್ಷದ ಪಂದ್ಯಕ್ಕೂ ಅದೇ ಹೆಸರು ನಿಂತಿತು. ಮುಂದೆ ಮಯಾಮಿಯಲ್ಲಿ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನಲ್ಲಿ ಶುಗರ್ ಬೌಲ್, ಡಲ್ಲಾಸ್‌ನಲ್ಲಿ ಕಾಟನ್ ಬೌಲ್ ಎಂದು ಕಿತ್ತಳೆ, ಸಕ್ಕರೆ, ಹತ್ತಿಗಳ ಹೆಸರಿನಲ್ಲಿ ಪಂದ್ಯಗಳು ಹುಟ್ಟಿಕೊಂಡವು. ನಮ್ಮ ಸುಗ್ಗಿಯ ನಂತರದ ಜಾತ್ರೆಗಳಂತೆ ಇವು ಎಂದುಕೊಂಡರೆ ತಪ್ಪಾಗದು.

1925ರ ಜನವರಿ 1ರಂದು ನೋಟರ್ ಡೇಮ್ ತನ್ನ ಮೊದಲ ಬೌಲ್ ಪಂದ್ಯವನ್ನು ಈ ರೋಸ್ ಬೌಲ್‌ನಲ್ಲೇ ಆಡಿತು. ತರಬೇತುದಾರ ನ್ಯೂಟ್ ರಾಕ್ನಿ. ‘ನಾಲ್ವರು ಕುದುರೆ ಸವಾರರು’ ಎಂದು ಹೆಸರಾದ ಆಟಗಾರರು ಆ ತಂಡದಲ್ಲಿದ್ದರು. ಅವರಲ್ಲೊಬ್ಬರಾದ ಎಲ್ಮರ್ ಲೇಡನ್ ಅಂದು ಮೂರು ಟಚ್‌ಡೌನ್ ಗಳಿಸಿದರು. ಸ್ಟ್ಯಾನ್‌ಫರ್ಡ್ ತಂಡ 27–10ರಿಂದ ಸೋತಿತು. ಇಂತಹ ವಿಜಯದ ಮೇಲೆ ಯಾರಾದರೂ ಮರುವರ್ಷವೂ ಹೋಗಬೇಕೆನ್ನುವರು. ಆದರೆ ವಿಶ್ವವಿದ್ಯಾಲಯದ ಆಡಳಿತವು ಇನ್ನು ಮುಂದೆ ಋತುವಿನ ನಂತರದ ಪಂದ್ಯಗಳೇ ಬೇಡವೆಂದಿತು. ಆಗ ವಿಮಾನವಿಲ್ಲ, ಕ್ಯಾಲಿಫೋರ್ನಿಯಾಕ್ಕೆ ರೈಲಿನಲ್ಲಿ ಹೋಗಿ ಬರುವಷ್ಟರಲ್ಲಿ ವಾರಗಳೇ ಕಳೆಯುತ್ತಿದ್ದವು. ಪಾಠ ತಪ್ಪಿಸಿಕೊಂಡು ಆಟವಾಡುವುದು ವಿದ್ಯಾರ್ಥಿಗೆ ಹಿತವಲ್ಲ, ಆಟದ ಹೆಸರು ವಿದ್ಯೆಯ ಹೆಸರನ್ನು ನುಂಗಬಾರದು ಎಂಬುದು ಅವರ ನಿಲುವು. ಈ ‘ಒಲ್ಲೆ’ ಒಂದೆರಡು ವರ್ಷದ್ದಲ್ಲ, ಬರೋಬ್ಬರಿ 45 ವರ್ಷದ್ದು. ಆ ಅವಧಿಯಲ್ಲಿ ತಂಡವೇನೂ ಸೊರಗಲಿಲ್ಲ. ಅಸೋಸಿಯೇಟೆಡ್ ಪ್ರೆಸ್‌ನ ಶ್ರೇಯಾಂಕದಲ್ಲಿ 1943, 1946, 1947, 1949 ಮತ್ತು 1966ರಲ್ಲಿ ರಾಷ್ಟ್ರದ ಅಗ್ರಸ್ಥಾನ ಪಡೆಯಿತು. ಈ ಐದು ಸಲವೂ ಬೌಲ್ ಪಂದ್ಯದ ಮೆಟ್ಟಿಲು ಹತ್ತಲಿಲ್ಲ.

1969ರಲ್ಲಿ ನಿಲುವು ಬದಲಾಯಿತು. ಅಸೋಸಿಯೇಟೆಡ್ ಪ್ರೆಸ್ 1968ರ ಋತುವಿನಿಂದ ತನ್ನ ಕೊನೆಯ ಶ್ರೇಯಾಂಕವನ್ನು ಬೌಲ್ ಪಂದ್ಯಗಳು ಮುಗಿದ ಮೇಲೆ ಪ್ರಕಟಿಸತೊಡಗಿತ್ತು. ಆಡದೆ ಉಳಿದವರಿಗೆ ಅಗ್ರಸ್ಥಾನ ಕಷ್ಟವೆನ್ನುವುದು ಒಂದು ಕಾರಣ. ಆದರೆ ನನಗೆ ಮುಖ್ಯವೆನಿಸುವುದು ಇನ್ನೊಂದು. ಆಗ ಅಧ್ಯಕ್ಷರಾಗಿದ್ದ ಪಾದ್ರಿ ಥಿಯೊಡೋರ್ ಹೆಸ್‌ಬರ್ಗ್ (1952ರಿಂದ 1987ರವರೆಗೆ ಅವರು ಆ ಹುದ್ದೆಯಲ್ಲಿದ್ದರು) ಅವರ ಆಡಳಿತವು, ಬೌಲ್ ಪಂದ್ಯದಿಂದ ಬರುವ ಹಣವನ್ನು ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದ್ಯಾರ್ಥಿವೇತನಕ್ಕೆ ಮೀಸಲಿಡಲು ಮುಂದಾಯಿತು. ವಿದ್ಯೆಯ ಹೆಸರಿನಲ್ಲಿ ಮುಚ್ಚಿದ ಬಾಗಿಲು ವಿದ್ಯೆಯ ಹೆಸರಿನಲ್ಲೇ ತೆರೆಯಿತು. ತಂಡವು 1970ರ ಜನವರಿ 1ರಂದು ಕಾಟನ್ ಬೌಲ್‌ನಲ್ಲಿ ಅಗ್ರಸ್ಥಾನದ ಟೆಕ್ಸಸ್ ವಿರುದ್ಧ 21–17ರಿಂದ ಸೋತಿತು. ಮರುವರ್ಷ ಅದೇ ಅಂಗಳದಲ್ಲಿ ಅದೇ ಟೆಕ್ಸಸ್ ತಂಡವನ್ನು 24–11ರಿಂದ ಸೋಲಿಸಿ, ಅದರ ಸತತ 30 ಗೆಲುವುಗಳ ಓಟಕ್ಕೆ ತಡೆ ಹಾಕಿತು.

ಅನಂತರದ ಚರಿತ್ರೆ ಏಳುಬೀಳುಗಳದ್ದು. 1973ರ ಡಿಸೆಂಬರ್ 31ರಂದು ಶುಗರ್ ಬೌಲ್‌ನಲ್ಲಿ ಅಲಬಾಮಾ ವಿರುದ್ಧ 24–23ರ ಗೆಲುವು ರಾಷ್ಟ್ರೀಯ ಪ್ರಶಸ್ತಿ ತಂದಿತು. 1978ರ ಆರಂಭದ ಕಾಟನ್ ಬೌಲ್, 1989ರ ಆರಂಭದ ಫಿಯೆಸ್ಟಾ ಬೌಲ್ ವಿಜಯಗಳೂ ಅಂಥವೇ. ಆಮೇಲೆ ಬರಗಾಲ: 1995ರ ಆರಂಭದಿಂದ 2007ರ ಆರಂಭದವರೆಗೆ ಆಡಿದ ಒಂಬತ್ತು ಬೌಲ್ ಪಂದ್ಯಗಳಲ್ಲೂ ಸೋಲು. ಆ ಸರಪಳಿ ಕಡಿದದ್ದು 2008ರ ಡಿಸೆಂಬರ್ 24ರಂದು, ದೊಡ್ಡ ಬೌಲ್‌ಗಳ ಸಾಲಿಗೆ ಸೇರದ ಹವಾಯಿ ಬೌಲ್‌ನಲ್ಲಿ. ಆ ವರ್ಷ ಆರು ಗೆದ್ದು ಆರು ಸೋತಿದ್ದ ತಂಡ ಅಂದು 49–21ರಿಂದ ಗೆದ್ದಿತು. ದೊಡ್ಡ ತಂಡವೊಂದು ಸಣ್ಣ ಜಾತ್ರೆಗೆ ಹೋಗಿ ನಗು ಪಡೆದು ಬಂದ ಆ ದಿನ ನನಗೆ ಬಹಳ ಪ್ರಿಯ.

ಆದರೆ ಜನ ಇಂದಿಗೂ ಹೇಳಿಕೊಳ್ಳುವ ಪಂದ್ಯ ಯಾವುದು ಬಲ್ಲಿರಾ? 1979ರ ಜನವರಿ 1ರ ಕಾಟನ್ ಬೌಲ್. ಅದಕ್ಕೆ ‘ಕೋಳಿ ಸೂಪಿನ ಪಂದ್ಯ’ ಎಂದೇ ಹೆಸರು. ಡಲ್ಲಾಸ್‌ನಲ್ಲಿ ಹಿಮಗಾಳಿ. ಜೋ ಮಾಂಟಾನಾ ಎಂಬ ಆಟಗಾರನ ಮೈ ತಣ್ಣಗಾಗಿ, ಒಳಗೆ ಕರೆದೊಯ್ದು ಬಿಸಿ ಸೂಪು ಕುಡಿಸಿದರು. ಅವನು ಮರಳಿ ಬಂದ ಮೇಲೂ ಎಂಟು ನಿಮಿಷಕ್ಕಿಂತ ಕಡಿಮೆ ಉಳಿದಿದ್ದಾಗ ಹ್ಯೂಸ್ಟನ್ ತಂಡ 34–12ರಿಂದ ಮುಂದಿತ್ತು. ಗಡಿಯಾರ ನಿಲ್ಲುವ ಹೊತ್ತಿಗೆ ನೋಟರ್ ಡೇಮ್ 35–34ರಿಂದ ಗೆದ್ದಿತ್ತು. ಗಮನಿಸಿ, ಆ ವರ್ಷ ತಂಡ ಮೂರು ಪಂದ್ಯ ಸೋತಿತ್ತು. ರಾಷ್ಟ್ರೀಯ ಪ್ರಶಸ್ತಿಯ ಮಾತೇ ಇರಲಿಲ್ಲ. ಪ್ರಶಸ್ತಿ ತರದ ಪಂದ್ಯಕ್ಕೆ ಅರ್ಥವಿಲ್ಲವೆಂದು ಅವರು ಮನೆಯಲ್ಲಿ ಕುಳಿತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಈಗ ಎರಡನೆಯ ‘ಒಲ್ಲೆ’ಗೆ ಬರುತ್ತೇನೆ. ಪ್ರಶಸ್ತಿಯನ್ನು ಪ್ಲೇಆಫ್ ಪಂದ್ಯಗಳಿಂದ ನಿರ್ಧರಿಸುವ ಪದ್ಧತಿ 2014ರ ಋತುವಿನಲ್ಲಿ ನಾಲ್ಕು ತಂಡಗಳೊಂದಿಗೆ ಆರಂಭವಾಗಿ, 2024ರಲ್ಲಿ ಹನ್ನೆರಡಕ್ಕೆ ಏರಿತು. ಆ ವರ್ಷ ನೋಟರ್ ಡೇಮ್ ಶುಗರ್ ಬೌಲ್‌ನಲ್ಲಿ ಜಾರ್ಜಿಯಾವನ್ನೂ ಆರೆಂಜ್ ಬೌಲ್‌ನಲ್ಲಿ ಪೆನ್ ಸ್ಟೇಟ್ ತಂಡವನ್ನೂ ಸೋಲಿಸಿ, 2025ರ ಜನವರಿ 20ರ ಅಂತಿಮ ಪಂದ್ಯದಲ್ಲಿ ಒಹಾಯೊ ಸ್ಟೇಟ್ ವಿರುದ್ಧ 34–23ರಿಂದ ಸೋತಿತು. ಮುಂದಿನ ಋತುವಿನ ಮೊದಲ ಎರಡು ಪಂದ್ಯಗಳಲ್ಲಿ ಮಯಾಮಿ ವಿರುದ್ಧ 27–24, ಟೆಕ್ಸಸ್ ಎ ಅಂಡ್ ಎಂ ವಿರುದ್ಧ 41–40. ಎರಡೂ ಸೇರಿ ನಾಲ್ಕೇ ಅಂಕಗಳ ಸೋಲು. ಉಳಿದ ಹತ್ತನ್ನೂ ಗೆದ್ದಿತು. ಆದರೂ 2025ರ ಡಿಸೆಂಬರ್ 7ರಂದು ಆಯ್ಕೆ ಸಮಿತಿಯ ಪಟ್ಟಿ ಬಂದಾಗ ಹನ್ನೆರಡರಲ್ಲಿ ಅದರ ಹೆಸರಿರಲಿಲ್ಲ, ಮಯಾಮಿಯ ಹೆಸರಿತ್ತು. ಅಂದೇ ತಂಡವು ಯಾವ ಬೌಲ್ ಪಂದ್ಯವನ್ನೂ ಆಡುವುದಿಲ್ಲವೆಂದು ಪ್ರಕಟಿಸಿತು.

ನೋವಾದದ್ದು ನಿಜ, ನನಗೂ ಅರ್ಥವಾಗುತ್ತದೆ. ವಾರಗಟ್ಟಲೆ ಶ್ರೇಯಾಂಕದಲ್ಲಿ ಮಯಾಮಿಗಿಂತ ಮೇಲಿಟ್ಟು ಕೊನೆಯ ದಿನ ಕೆಳಗಿಳಿಸಿದರೆ ಯಾರಿಗೂ ಸಂಕಟವೇ. ಆದರೆ ಹನ್ನೆರಡರಲ್ಲಿ ಐದು ಸ್ಥಾನಗಳು ತಂಡಗಳ ಕೂಟಗಳಲ್ಲಿ ಗೆದ್ದವರಿಗೆ ಮೀಸಲು. ಫುಟ್‌ಬಾಲ್‌ನಲ್ಲಿ ಯಾವ ಕೂಟಕ್ಕೂ ಸೇರದೆ ಸ್ವತಂತ್ರವಾಗಿ ಉಳಿಯುವುದು ನೋಟರ್ ಡೇಮ್ ತಾನೇ ಆರಿಸಿಕೊಂಡ ದಾರಿ. ಆ ದಾರಿಯ ಮುಳ್ಳೂ ಅದರದೇ. ಮೊದಲ ಪಂಕ್ತಿಯಲ್ಲಿ ಎಲೆ ಸಿಗಲಿಲ್ಲವೆಂದು ಊಟವನ್ನೇ ಬಿಟ್ಟು ಚಪ್ಪಲಿ ಮೆಟ್ಟಿ ಹೊರಟ ನೆಂಟನನ್ನು ನಾವೆಲ್ಲ ಮದುವೆಮನೆಗಳಲ್ಲಿ ಕಂಡಿದ್ದೇವೆ. ಅವನ ಹಸಿವಿಗೆ ಅವನೇ ಹೊಣೆ. ಆದರೆ ಜೊತೆಯಲ್ಲಿ ಬಂದ ಮಕ್ಕಳ ಹಸಿವು?

ನನ್ನ ಆಕ್ಷೇಪವೆಲ್ಲ ಆ ಮಕ್ಕಳ ಬಗ್ಗೆ. ತಂಡದಲ್ಲಿ ನಾಲ್ಕು ವರ್ಷ ಬೆವರು ಸುರಿಸಿ, ವೃತ್ತಿಪರ ಆಟಕ್ಕೆ ಎಂದೂ ಹೋಗದ ಹುಡುಗರು ಬಹಳ ಮಂದಿ. ಅವರಿಗೆ ಬೌಲ್ ಪಂದ್ಯವೇ ಬಾಳಿನ ಕೊನೆಯ ಪಂದ್ಯ. ವರ್ಷವಿಡೀ ಅಂಗಳದ ಅಂಚಿನಲ್ಲಿ ನಿಂತು ಕಾದ ಕಿರಿಯನಿಗೆ ಬೌಲ್‌ನ ಮುಂಚಿನ ಅಭ್ಯಾಸವೇ ತನ್ನನ್ನು ತೋರಿಸಿಕೊಳ್ಳುವ ಮೊದಲ ಅವಕಾಶ. ಅಂಥವರನ್ನು ಕಾಣಲು ಇಂಡಿಯಾನಾಕ್ಕೆ ಹೋಗಬೇಕಿಲ್ಲ. ಪ್ರತಿ ಶಾಲೆಯ ತಂಡದಲ್ಲೂ ಇರುತ್ತಾರೆ.

ಇದಕ್ಕೆ ಗಟ್ಟಿಯಾದ ಎದುರುವಾದವೂ ಉಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2016ರ ಜನವರಿ 1ರ ಫಿಯೆಸ್ಟಾ ಬೌಲ್‌ನಲ್ಲಿ ಇದೇ ತಂಡದ ಜೇಲನ್ ಸ್ಮಿತ್ ಎಂಬ ಅಪ್ರತಿಮ ಆಟಗಾರನ ಮೊಣಕಾಲು ಕೆಟ್ಟಿತು, ನರಕ್ಕೂ ಪೆಟ್ಟಾಯಿತು. ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಮೊದಲ ಕೆಲವರಲ್ಲೇ ಇರಬೇಕಾಗಿದ್ದವನು 34ನೆಯವನಾದ. ಆ ವರ್ಷವಿಡೀ ಆಡಲಾಗಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಬೇರೆ ಕಾಲೇಜುಗಳ ಇಬ್ಬರು ಪ್ರಸಿದ್ಧ ಆಟಗಾರರು ತಮ್ಮ ಬೌಲ್ ಪಂದ್ಯಗಳಿಂದ ದೂರ ಉಳಿದರು; ಅಂದಿನಿಂದ ಅದು ರೂಢಿಯೇ ಆಗಿದೆ. ತನ್ನ ಮೈ, ತನ್ನ ಅನ್ನ ಕಾಪಾಡಿಕೊಳ್ಳುವ ಹುಡುಗನನ್ನು ನಾನು ತಪ್ಪೆನ್ನಲಾರೆ. ಆದರೆ ಅದು ಒಬ್ಬೊಬ್ಬನ ತೀರ್ಮಾನ. ಆಡಲಾರದವನು ಉಳಿಯಲಿ, ಆಡಬಯಸುವವನು ಆಡಲಿ ಎನ್ನುವುದಕ್ಕೂ ಇಡೀ ತಂಡದ ಬಾಗಿಲಿಗೆ ಬೀಗ ಹಾಕುವುದಕ್ಕೂ ವ್ಯತ್ಯಾಸವಿದೆ.

ಹೀಗೆ ತೂಗಿ ನೋಡಿದಾಗ ನನ್ನ ತೀರ್ಪು ಇಷ್ಟೆ. 1925ರ ಆಡಳಿತ ಗೆದ್ದ ಮೇಲೆ ಬೇಡವೆಂದಿತು. ವಿದ್ಯಾರ್ಥಿಯ ಪಾಠಕ್ಕಾಗಿ ಬೇಡವೆಂದಿತು. 1969ರ ಆಡಳಿತ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಓದಿಗೂ ನೆರವಾಗಲೆಂದು ಬೇಕೆಂದಿತು. 2025ರ ‘ಒಲ್ಲೆ’ಯಲ್ಲಿ ವಿದ್ಯಾರ್ಥಿಗೆ ದಕ್ಕಿದ್ದೇನೆಂದು ಹುಡುಕಿದೆ, ಮುನಿಸಿನ ಹೊರತು ಬೇರೇನೂ ಕಾಣಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಇಂದು ಕಚೇರಿಗಳಲ್ಲಿ, ಶಾಲೆಗಳಲ್ಲಿ, ಸಂಸಾರಗಳಲ್ಲಿ ಹಿರಿಯರ ಸ್ಥಾನದಲ್ಲಿದ್ದೀರಿ. ಹಿರಿಯನಾದವನು ‘ಬೇಡ’ ಎಂದಾಗ ಆ ಮಾತು ಅವನೊಬ್ಬನಿಗೆ ನಿಲ್ಲುವುದಿಲ್ಲ. ಅವನ ಹಿಂದೆ ನಿಂತ ಕಿರಿಯರ ಪಾಲೂ ಅದರೊಡನೆ ಹೋಗುತ್ತದೆ. ಅವರನ್ನೊಮ್ಮೆ ತಿರುಗಿ ನೋಡಿ ಬಳಿಕ ಹೇಳುವುದು ಒಳಿತು. ಇದನ್ನು ಒಪ್ಪದವರು, ಅದರಲ್ಲೂ ಅಮೆರಿಕದಲ್ಲಿದ್ದು ಈ ಆಟವನ್ನು ನನಗಿಂತ ಹತ್ತಿರದಿಂದ ಕಂಡವರು, ಸಂಕೋಚವಿಲ್ಲದೆ ಬರೆಯಿರಿ, ಓದಿ ಸಂತೋಷಪಡುವೆ.